ನಾಲ್ಕು ವಾಟಿನ ಲೆಕ್ಕ: ಹೋಟೆಲಿಗೋ ಸಂಘಕ್ಕೋ ವೈಫೈ ಹಾಕುವ ಮುನ್ನ

ಮಾಟುಂಗಾದಲ್ಲಿ ಉಡುಪಿ ಹೋಟೆಲು ನಡೆಸುವ ಶೆಟ್ಟರೊಬ್ಬರು ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದರು. "ಮಾರಾಯ್ರೇ, ಲ್ಯಾಮಿಂಗ್ಟನ್ ರೋಡಿನಲ್ಲಿ ದೊಡ್ಡ ಆಂಟೆನಾ ಸಿಗ್ತದಂತೆ. ತಾರಸಿ ಮೇಲೆ ಒಂದು ನಿಲ್ಲಿಸಿದರೆ ನಮ್ಮ ಗಲ್ಲಾದಿಂದ ಹಿಡಿದು ಎದುರಿನ ಸಂಘದ ವಾಚನಾಲಯದವರೆಗೂ ಒಂದೇ ವೈಫೈ ಸಾಕಾಗ್ತದಂತೆ. ಹಾಕಿಸಿಬಿಡುವನಾ?"

ಅವರ ಆಸೆ ಒಳ್ಳೆಯದೇ. ವಾಚನಾಲಯಕ್ಕೆ ಬರುವ ಹಿರಿಯರು ಊರಿನ ಪತ್ರಿಕೆಯನ್ನು ಫೋನಿನಲ್ಲಿ ಓದಲಿ, ರಾತ್ರಿ ಕೆಲಸ ಮುಗಿದ ಮೇಲೆ ಹೋಟೆಲಿನ ಹುಡುಗರು ಮನೆಯವರ ಮುಖ ನೋಡಿ ಮಾತಾಡಲಿ ಎಂಬುದು ಅವರ ಮನಸ್ಸಿನಲ್ಲಿತ್ತು. ನಾನು ಹೇಳಿದೆ: "ಶೆಟ್ರೇ, ಆಂಟೆನಾ ತರುವ ಮೊದಲು ಒಂದು ಕಾಗದ, ಒಂದು ಪೆನ್ನು ತೆಗೆದಿಡಿ. ನಾಳೆ ಬೆಳಿಗ್ಗೆ ಬರ್ತೇನೆ." ಆ ಕಾಗದದ ಮೇಲೆ ನಾವಿಬ್ಬರು ಕೂತು ಬರೆದದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ಹೋಟೆಲು, ಸಂಘ, ಭಜನಾ ಮಂದಿರ, ಹೌಸಿಂಗ್ ಸೊಸೈಟಿ ನಡೆಸುವ ನಮ್ಮವರಿಗೆ ಇದು ಬೇಕಾಗುವ ವಿಷಯ. ನಿಯಮ ಗೊತ್ತಿಲ್ಲದೆ ದುಡ್ಡು ಹಾಕಿ, ಆಮೇಲೆ ಎಲ್ಲವನ್ನೂ ಕೆಳಗಿಳಿಸಿದವರನ್ನು ನಾನು ಕಂಡಿದ್ದೇನೆ.

ಮೊದಲನೆಯದು: ಯಾರಿಗೆ, ಎಲ್ಲಿಯವರೆಗೆ, ದುಡ್ಡಿಗೋ ಪುಕ್ಕಟೆಗೋ

"ವೈಫೈಗೆ ಲೈಸೆನ್ಸ್ ಬೇಡ" ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ಸರಿ. ಗಾಳಿಯಲ್ಲಿ ರೇಡಿಯೊ ತರಂಗ ಬಿಡುವುದಕ್ಕೆ ಒಂದು ನಿಯಮ, ಆ ತರಂಗದ ಮೇಲೆ ಇಂಟರ್ನೆಟ್ ಹಂಚುವುದಕ್ಕೆ ಬೇರೆಯೇ ನಿಯಮ. ಮೊದಲನೆಯದರಲ್ಲಿ ವಿನಾಯಿತಿ ಇದೆ ಎಂದು ಎರಡನೆಯದನ್ನು ಮರೆತರೆ ತೊಂದರೆ.

ಕಾಗದದ ಮೇಲೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಬಳಸುವವರು ನಿಮ್ಮವರೇ, ಅಂದರೆ ಸಿಬ್ಬಂದಿ, ಸದಸ್ಯರೇ, ಅಥವಾ ದಾರಿಯಲ್ಲಿ ಬಂದವರೂ ಬಳಸುತ್ತಾರೆಯೇ? ಸಿಗ್ನಲ್ ನಿಮ್ಮ ಕಾಂಪೌಂಡಿನೊಳಗೇ ಉಳಿಯಬೇಕೇ, ರಸ್ತೆ ದಾಟಿ ಇನ್ನೊಂದು ಕಟ್ಟಡಕ್ಕೆ ಹೋಗಬೇಕೇ? ಬಳಸಿದ್ದಕ್ಕೆ ಹಣ ತೆಗೆದುಕೊಳ್ಳುತ್ತೀರಾ? ನಿಮ್ಮ ಮನೆ, ಆಫೀಸಿನೊಳಗಿನ ಸ್ವಂತ ಬಳಕೆಯಾದರೆ ತರಂಗದ ನಿಯಮ ಪಾಲಿಸಿದರೆ ಮುಗಿಯಿತು. ಹೊರಗಿನವರೂ ಬರುತ್ತಾರೆ ಎಂದಾದರೆ ಬಳಸಿದವರು ಯಾರು ಎಂದು ಗುರುತಿಸುವ ಏರ್ಪಾಡು ಬೇಕು. ಹಣಕ್ಕೆ ಇಂಟರ್ನೆಟ್ ಮಾರುವುದಕ್ಕೆ ಸಾಮಾನ್ಯವಾಗಿ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಮಾರಲು ಸರ್ಕಾರವೇ ತೆರೆದಿಟ್ಟ ದಾರಿ ಪಿಎಂ-ವಾಣಿ. ಅದರ ವಿಷಯ ಮುಂದೆ ಬರುತ್ತದೆ.

ಯಾವ ತರಂಗ ನಮ್ಮದು

ಪರವಾನಗಿ ಇಲ್ಲದೆ ಯಾರೂ ರೇಡಿಯೊ ಉಪಕರಣ ಇಟ್ಟುಕೊಳ್ಳುವಂತಿಲ್ಲ ಎಂಬುದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಿಂದ ಬಂದ ಮೂಲ ನಿಯಮ. 2023ರ ದೂರಸಂಪರ್ಕ ಕಾಯ್ದೆಯಲ್ಲೂ ತರಂಗಾಂತರದ ಮೇಲಿನ ಹಿಡಿತ ಸರ್ಕಾರದ ಕೈಯಲ್ಲೇ ಇದೆ. ವೈಫೈ ನಡೆಯುತ್ತಿರುವುದು ವಿನಾಯಿತಿಯ ಮೇಲೆ. ವಿನಾಯಿತಿ ಎಂದ ಮೇಲೆ ಷರತ್ತು ಇದ್ದೇ ಇರುತ್ತದೆ.

2005ರ ಜನವರಿ 28ರಂದು ಕೇಂದ್ರ ಸರ್ಕಾರ ಜಿಎಸ್‌ಆರ್ 45(ಇ) ಎಂಬ ಅಧಿಸೂಚನೆ ಹೊರಡಿಸಿ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು, ಅಂದರೆ ವೈಫೈ ಓಡುವ ತರಂಗಗಳ ಬ್ಯಾಂಡನ್ನು, ಪರವಾನಗಿಯಿಂದ ಮುಕ್ತಗೊಳಿಸಿತು. ಮುಖ್ಯ ಷರತ್ತು ಮೂರು. ಟ್ರಾನ್ಸ್‌ಮಿಟರಿನಿಂದ ಹೊರಡುವ ಶಕ್ತಿ 1 ವಾಟ್ ದಾಟಬಾರದು, ಅದೂ 10 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ಅಗಲದಲ್ಲಿ ಹರಡಿರಬೇಕು. ಆಂಟೆನಾದಿಂದ ಹೊರಹೊಮ್ಮುವ ಶಕ್ತಿ 4 ವಾಟ್ ದಾಟಬಾರದು. ಆಂಟೆನಾ ಈಗಾಗಲೇ ಇರುವ ಅಧಿಕೃತ ಕಟ್ಟಡದ ತಾರಸಿಯಿಂದ 5 ಮೀಟರ್‌ಗಿಂತ ಮೇಲಕ್ಕೆ ಹೋಗಬಾರದು.

5 ಗಿಗಾಹರ್ಟ್ಸ್‌ನ ಕಥೆ ಸ್ವಲ್ಪ ಉದ್ದ. ಅದೇ 2005ರಲ್ಲಿ ಅದನ್ನು ಒಳಾಂಗಣಕ್ಕೆ ಮತ್ತು ಒಂದೇ ಆವರಣದೊಳಗಿನ ಬಳಕೆಗೆ ಮಾತ್ರ ಬಿಟ್ಟುಕೊಟ್ಟರು, ಶಕ್ತಿಯೂ 200 ಮಿಲಿವಾಟ್ ಅಷ್ಟೇ. 2007ರಲ್ಲಿ 5.825ರಿಂದ 5.875ರವರೆಗಿನ ಸಣ್ಣ ತುಂಡನ್ನು ಹೊರಾಂಗಣಕ್ಕೂ ತೆರೆದರು. ದೊಡ್ಡ ಬದಲಾವಣೆ ಆದದ್ದು 2018ರ ಅಕ್ಟೋಬರ್‌ನಲ್ಲಿ. 5150–5250, 5250–5350, 5470–5725, 5725–5875 ಹೀಗೆ ನಾಲ್ಕು ಪಟ್ಟಿ, ಒಟ್ಟು 605 ಮೆಗಾಹರ್ಟ್ಸ್ (ಸಾವಿರ ಮೆಗಾಹರ್ಟ್ಸ್ ಅಂದರೆ ಒಂದು ಗಿಗಾಹರ್ಟ್ಸ್), ಒಳಗೂ ಹೊರಗೂ ಬಳಸಲು ಸಿಕ್ಕಿತು. "5 ಗಿಗಾಹರ್ಟ್ಸ್ ಹೊರಗೆ ಹಾಕುವಂತಿಲ್ಲ" ಎಂದು ಈಗಲೂ ವಾದಿಸುವ ಹಳೆಯ ಕೆಲಸಗಾರರಿದ್ದಾರೆ. ಅವರು ಹೇಳುವುದು 2018ಕ್ಕಿಂತ ಹಿಂದಿನ ಮಾತು.

ಇನ್ನು 6 ಗಿಗಾಹರ್ಟ್ಸ್. 2025ರ ಮೇ ತಿಂಗಳಲ್ಲಿ ಸರ್ಕಾರ ಪ್ರಕಟಿಸಿದ ಕರಡು ನಿಯಮದಲ್ಲಿ 5925–6425 ಮೆಗಾಹರ್ಟ್ಸ್ ಪಟ್ಟಿಗೆ ಒಳಾಂಗಣದಲ್ಲಿ 30 ಡಿಬಿಎಂ (ಇದು ಶಕ್ತಿಯ ಅಳತೆ, ಲೆಕ್ಕ ಮುಂದೆ ಬರುತ್ತದೆ), ಹೊರಾಂಗಣದಲ್ಲಿ ಕೇವಲ 14 ಡಿಬಿಎಂ, ಅಂದರೆ 25 ಮಿಲಿವಾಟ್ ಮಿತಿ ಇಟ್ಟಿದ್ದರು. ಒಂದು ಕೋಣೆಯೊಳಗೆ ವೇಗ ಬೇಕಾದವರಿಗೆ ಆ ಪಟ್ಟಿ. ತಾರಸಿಯಿಂದ ತಾರಸಿಗೆ ಹಾಯಿಸುವ ಯೋಜನೆಯನ್ನು ಅದರ ಮೇಲೆ ಕಟ್ಟಬೇಡಿ.

ಈಗ ಲೆಕ್ಕ

ಶೆಟ್ಟರ ಕಾಗದದಲ್ಲಿ ಹೆಚ್ಚು ಜಾಗ ಹಿಡಿದದ್ದು ಇದೇ ಭಾಗ. ಇದನ್ನು ಕೈಬಿಟ್ಟು ಮುಂದೆ ಹೋಗಬೇಡಿ. ಕೂಡಿಸುವುದು, ಕಳೆಯುವುದು ಬಂದರೆ ಸಾಕು.

ರೇಡಿಯೊದ ಶಕ್ತಿಯನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಾಲ್ಕು ಮೆಟ್ಟಿಲು ನೆನಪಿಟ್ಟುಕೊಳ್ಳಿ: 20 ಡಿಬಿಎಂ ಅಂದರೆ 100 ಮಿಲಿವಾಟ್, 23 ಅಂದರೆ 200 ಮಿಲಿವಾಟ್, 30 ಅಂದರೆ 1 ವಾಟ್, 36 ಅಂದರೆ 4 ವಾಟ್. 3 ಕೂಡಿದರೆ ಶಕ್ತಿ ಎರಡರಷ್ಟು, 10 ಕೂಡಿದರೆ ಹತ್ತರಷ್ಟು. ಹೀಗೆ ಕೂಡುವ, ಕಳೆಯುವ ಅಂಕಿಯನ್ನು ಡಿಬಿ ಎನ್ನುತ್ತಾರೆ. ಆಂಟೆನಾದ ಪೆಟ್ಟಿಗೆ ಮೇಲೆ ಡಿಬಿಐ ಎಂಬ ಅಂಕಿ ಇರುತ್ತದೆ. ಆಂಟೆನಾ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ. ಟಾರ್ಚಿನ ಹಿಂದಿನ ಕನ್ನಡಿ ಬೆಳಕನ್ನು ಒಟ್ಟುಗೂಡಿಸಿ ಒಂದು ಕಡೆಗೆ ಬಿಟ್ಟಂತೆ ಇರುವ ಶಕ್ತಿಯನ್ನೇ ಒಂದು ದಿಕ್ಕಿಗೆ ತಿರುಗಿಸುತ್ತದೆ. ಆ ದಿಕ್ಕಿನಲ್ಲಿ ನಿಂತು ನೋಡಿದರೆ ಎಷ್ಟು ಜೋರು ಕಾಣುತ್ತದೆ ಎಂಬುದೇ ಡಿಬಿಐ. ಕೇಬಲ್ ಮಾತ್ರ ಶಕ್ತಿಯನ್ನು ತಿನ್ನುತ್ತದೆ. ಬೆರಳು ದಪ್ಪದ ಒಳ್ಳೆಯ ಕೇಬಲ್ ಆದರೂ 2.4 ಗಿಗಾಹರ್ಟ್ಸ್‌ನಲ್ಲಿ 10 ಮೀಟರಿಗೆ 2 ಡಿಬಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ತೆಳು ಕೇಬಲ್ ಆದರೆ ಕೇಳುವುದೇ ಬೇಡ.

ಸೂತ್ರ ಒಂದೇ ಸಾಲು: ರೇಡಿಯೊದ ಶಕ್ತಿ, ಅದರಿಂದ ಕೇಬಲ್ ತಿಂದದ್ದನ್ನು ಕಳೆಯಿರಿ, ಆಂಟೆನಾದ ಡಿಬಿಐ ಕೂಡಿಸಿ. ಬಂದ ಉತ್ತರ 36ರ ಒಳಗಿರಬೇಕು.

ಶೆಟ್ಟರಿಗೆ ಅಂಗಡಿಯವನು ತೋರಿಸಿದ ಜೋಡಿಯನ್ನೇ ಲೆಕ್ಕ ಹಾಕೋಣ. ರೇಡಿಯೊ 27 ಡಿಬಿಎಂ, ಕೇಬಲಿನಲ್ಲಿ 1 ಹೋಗುತ್ತದೆ, ಆಂಟೆನಾ 15 ಡಿಬಿಐ. 27ರಲ್ಲಿ 1 ಕಳೆದು 15 ಕೂಡಿದರೆ 41. ಮಿತಿಗಿಂತ 5 ಡಿಬಿ ಹೆಚ್ಚು. ಅಂದರೆ 4 ವಾಟ್ ಇರಬೇಕಾದಲ್ಲಿ 12 ವಾಟಿಗೂ ಮೀರಿ ಹೊರಡುತ್ತದೆ. ರೇಡಿಯೊ ಒಂದನ್ನೇ ನೋಡಿದರೆ 1 ವಾಟಿನ ಒಳಗಿದೆ, ಆಂಟೆನಾ ಒಂದನ್ನೇ ನೋಡಿದರೆ ತಪ್ಪೇನಿಲ್ಲ. ಎರಡನ್ನೂ ಜೋಡಿಸಿದಾಗ ನಿಯಮ ಮುರಿಯುತ್ತದೆ. ಅಂಗಡಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಮಾರುತ್ತಾರೆ, ಹಾಗಾಗಿ ಕೂಡಿಸಿ ನೋಡುವ ಹೊಣೆ ಹಾಕುವವನ ತಲೆ ಮೇಲೆ ಬರುತ್ತದೆ.

5725–5875ರ ಪಟ್ಟಿಯಲ್ಲೂ ನಾನು ಇದೇ 36ನ್ನು ಗೆರೆಯಾಗಿ ಇಟ್ಟುಕೊಂಡಿದ್ದೇನೆ. ನಡುವಿನ ಪಟ್ಟಿಗಳಲ್ಲಿ ಅಷ್ಟು ಬಿಡುವಂತಿಲ್ಲ, ಅಲ್ಲಿ ರೇಡಾರ್‌ಗಳಿವೆ.

ಜೋರಾಗಿ ಕೂಗಿದರೆ ಸಾಲದು, ಕೇಳಿಸಲೂ ಬೇಕು

"ನಿಯಮ ಇರಲಿ, ಸ್ವಲ್ಪ ಹೆಚ್ಚು ಪವರ್ ಇಟ್ಟರೆ ಗಿರಾಕಿಗೆ ಒಳ್ಳೆಯದಲ್ವಾ?" ಎಂದು ಶೆಟ್ಟರು ಕೇಳಿದರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳದವರೇ ಇಲ್ಲ.

ಗಿರಾಕಿಯ ಕೈಯಲ್ಲಿರುವ ಫೋನು ಸಾಮಾನ್ಯವಾಗಿ 15ರಿಂದ 18 ಡಿಬಿಎಂ ಬಿಡುತ್ತದೆ, ಅಂದರೆ 30ರಿಂದ 60 ಮಿಲಿವಾಟ್. ಅದಕ್ಕಿರುವುದು ಪುಟ್ಟ ಬ್ಯಾಟರಿ. ತಾರಸಿಯ ರೂಟರ್ 4 ವಾಟಿನಲ್ಲಿ ಕೂಗಿದರೆ ಫೋನಿಗೆ ಕೇಳಿಸುತ್ತದೆ, ಪರದೆ ಮೇಲೆ ಸಿಗ್ನಲ್ ಕಡ್ಡಿಗಳು ತುಂಬಿ ನಿಲ್ಲುತ್ತವೆ. ಫೋನು ಉತ್ತರ ಕೊಟ್ಟರೆ ರೂಟರಿಗೆ ಕೇಳುವುದಿಲ್ಲ. ಕಡ್ಡಿ ಪೂರ್ತಿ ಇದೆ, ಪುಟ ಮಾತ್ರ ತೆರೆಯುತ್ತಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಕಾರಣ. ವೈಫೈಯಲ್ಲಿ ಪ್ರತಿ ಮಾತಿಗೂ "ಕೇಳಿಸಿತು" ಎಂಬ ಉತ್ತರ ಹಿಂದಿರುಗಿ ಬರಲೇಬೇಕು. ಬಾರದಿದ್ದರೆ ರೂಟರ್ ಹೇಳಿದ್ದನ್ನೇ ಮತ್ತೆ ಹೇಳುತ್ತಾ ಇರುತ್ತದೆ, ಅಷ್ಟು ಹೊತ್ತು ಆ ಚಾನೆಲಿನಲ್ಲಿ, ಅಂದರೆ ಪಟ್ಟಿಯ ಆ ಓಣಿಯಲ್ಲಿ, ಬೇರೆಯವರೆಲ್ಲ ಸುಮ್ಮನಿರಬೇಕು.

ಇಲ್ಲೊಂದು ಉಪಾಯವಿದೆ. ಆಂಟೆನಾ ಎರಡೂ ಕಡೆಗೆ ಸಹಾಯ ಮಾಡುತ್ತದೆ. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಂತೆ ದೂರದ ಸಣ್ಣ ಸದ್ದನ್ನೂ ಹಿಡಿಯುತ್ತದೆ. ಆದ್ದರಿಂದ ಆಂಟೆನಾ ಒಳ್ಳೆಯದಿರಲಿ, ರೇಡಿಯೊದ ಶಕ್ತಿ ಕಡಿಮೆ ಇರಲಿ. 12 ಡಿಬಿಐ ಆಂಟೆನಾ, 14 ಡಿಬಿಎಂ ರೇಡಿಯೊ: ಹೊರಡುವುದು ಸುಮಾರು 26, ಮಿತಿಗಿಂತ ಬಹಳ ಕೆಳಗೆ. ಆದರೂ ಫೋನಿನ ಮಾತು ಚೆನ್ನಾಗಿ ಕೇಳಿಸುತ್ತದೆ. ದೂರವನ್ನು ಎರಡರಷ್ಟು ಮಾಡಲು ಶಕ್ತಿಯನ್ನು ನಾಲ್ಕರಷ್ಟು ಮಾಡಬೇಕು, ಅದೂ ಬಯಲಿನಲ್ಲಿ. ಮುಂಬಯಿಯಲ್ಲಿ ಬಯಲೆಲ್ಲಿ? ದಪ್ಪ ಕಾಂಕ್ರೀಟ್ ಗೋಡೆಯೊಂದೇ 10 ಡಿಬಿಗೂ ಹೆಚ್ಚು ನುಂಗಬಹುದು, ಅಂದರೆ ಗೋಡೆಯ ಆಚೆ ಹತ್ತರಲ್ಲಿ ಒಂದು ಪಾಲೂ ಉಳಿಯಲಿಕ್ಕಿಲ್ಲ. ಮಳೆಗಾಲದಲ್ಲಿ ಕಟ್ಟುವ ನೀಲಿ ತಾಡಪತ್ರಿ ತಾನಾಗಿ ಅಡ್ಡಿಯಲ್ಲ, ಅದರ ಮೇಲೆ ನಿಂತ ನೀರು ಅಡ್ಡಿ.

ಹಾಗಾಗಿ ಒಂದು ದೊಡ್ಡದರ ಬದಲು ಮೂರು ಸಣ್ಣವನ್ನು ಹಾಕಿಸಿ: ಗಲ್ಲಾದ ಮೇಲೆ ಒಂದು, ಮೇಲಿನ ಫ್ಯಾಮಿಲಿ ರೂಮಿನಲ್ಲಿ ಒಂದು, ಹುಡುಗರು ಮಲಗುವ ಕೋಣೆಯಲ್ಲಿ ಒಂದು. ಒಂದಕ್ಕೊಂದು ಕೇಬಲಿನಲ್ಲಿ ಜೋಡಿಸಿ. ಪ್ರತಿಯೊಂದನ್ನೂ 15ರಿಂದ 17 ಡಿಬಿಎಂಗೆ ಇಳಿಸಿ. ಶೆಟ್ಟರ ಹೋಟೆಲಿನಲ್ಲಿ ನಾನು ಮಾಡಿದ್ದು ಇದನ್ನೇ.

ಚಾನೆಲ್, ದೇಶದ ಕೋಡ್, ವೇರಾವಲಿಯ ರೇಡಾರ್

ರೂಟರಿನ ಸೆಟ್ಟಿಂಗ್‌ನಲ್ಲಿ "ದೇಶ" ಎಂಬ ಸಾಲು ಇರುತ್ತದೆ. ಅಲ್ಲಿ ಭಾರತ ಎಂದೇ ಇರಲಿ. ಹೊರದೇಶದಿಂದ ಯಾರೋ ತಂದುಕೊಟ್ಟ ರೂಟರಿನಲ್ಲಿ ಬೇರೆ ದೇಶ ಕೂತಿರುತ್ತದೆ, ಆಗ ಅಲ್ಲಿನ ಚಾನೆಲ್ಲು, ಅಲ್ಲಿನ ಶಕ್ತಿ ಬಳಕೆಯಾಗುತ್ತದೆ. "ಅಮೆರಿಕ ಇಟ್ಟರೆ ಪವರ್ ಜಾಸ್ತಿ ಸಿಗ್ತದೆ" ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ನೀವು ನಿಂತಿರುವ ನೆಲದ ಕಾನೂನೇ ನಿಮಗೆ ಅನ್ವಯಿಸುವುದು.

2.4 ಗಿಗಾಹರ್ಟ್ಸ್‌ನಲ್ಲಿ ಭಾರತದಲ್ಲಿ 1ರಿಂದ 13ರವರೆಗೆ ಚಾನೆಲ್ಲುಗಳಿವೆ. ಒಂದರ ಮೇಲೊಂದು ಬೀಳದಂತೆ ಬಳಸಲು ಆಗುವುದು ಮೂರು: 1, 6, 11. ಮಾಟುಂಗಾದ ಕಿಟಕಿಯಿಂದ ನೋಡಿದರೆ ಹತ್ತಾರು ನೆಟ್‌ವರ್ಕ್ ಕಾಣುತ್ತವೆ. ಯಾರೋ 3ರಲ್ಲಿ ಕೂತರೆ 1ಕ್ಕೂ ತೊಂದರೆ, 6ಕ್ಕೂ ತೊಂದರೆ. ಅಗಲವನ್ನು 20 ಮೆಗಾಹರ್ಟ್ಸ್‌ಗೇ ಇಡಿ, 40 ಮಾಡಬೇಡಿ. ಒಂದೇ ಡಬ್ಬಿಯಿಂದ ಐದಾರು ಹೆಸರಿನ ವೈಫೈ ಬಿಡುವ ಅಭ್ಯಾಸವೂ ಬೇಡ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿದ್ದೇನೆ" ಎಂದು ಕೂಗುತ್ತಿರುತ್ತದೆ. ಸಿಬ್ಬಂದಿಗೆ ಒಂದು, ಗಿರಾಕಿಗೆ ಒಂದು, ಸಾಕು.

5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48, 149ರಿಂದ 165 ಚಾನೆಲ್ಲುಗಳು ನಿರಾಳ. ನಡುವಿನ 52ರಿಂದ 64, 100ರಿಂದ 144ರವರೆಗಿನವನ್ನು ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ಅಲ್ಲಿ ಹೋಗುವ ರೂಟರ್ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೂರಬೇಕು. ರೇಡಾರಿನ ಸದ್ದು ಕೇಳಿದರೆ ಆ ಚಾನೆಲ್ ಬಿಟ್ಟು ಹೊರಟು, ಅರ್ಧ ಗಂಟೆ ಅತ್ತ ತಲೆ ಹಾಕಬಾರದು. ಇದನ್ನು ಡಿಎಫ್‌ಎಸ್ ಎನ್ನುತ್ತಾರೆ.

ಮುಂಬಯಿಯವರಿಗೆ ಇದು ದೂರದ ಮಾತಲ್ಲ. ಹವಾಮಾನ ಇಲಾಖೆಗೆ ಇಲ್ಲಿ ಎರಡು ದೊಡ್ಡ ಡಾಪ್ಲರ್ ರೇಡಾರ್‌ಗಳಿವೆ. ಕೊಲಾಬಾದ್ದು ಎಸ್-ಬ್ಯಾಂಡ್, ವೈಫೈ ಪಟ್ಟಿಯಿಂದ ದೂರ. 2022ರ ಜನವರಿಯಲ್ಲಿ ಅಂಧೇರಿಯ ವೇರಾವಲಿಯಲ್ಲಿ ಶುರುವಾದದ್ದು ಸಿ-ಬ್ಯಾಂಡ್, ನಮ್ಮ 5 ಗಿಗಾಹರ್ಟ್ಸ್‌ನ ನೆರೆಮನೆ. ಲೋಕದಲ್ಲೆಲ್ಲ ಸಿ-ಬ್ಯಾಂಡ್ ಹವಾಮಾನ ರೇಡಾರ್‌ಗಳು ಸಾಮಾನ್ಯವಾಗಿ 5600–5650 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. 120, 124, 128ನೇ ಚಾನೆಲ್ಲುಗಳು ಬೀಳುವುದೂ ಅಲ್ಲೇ. ಡಿಎಫ್‌ಎಸ್ ಅನ್ನು ಬಂದ್ ಮಾಡಿಟ್ಟ ರೂಟರ್ ಅಲ್ಲಿ ಕೂತು ಕೂಗಿದರೆ ರೇಡಾರಿನ ಚಿತ್ರದಲ್ಲಿ ಒಂದು ದಿಕ್ಕಿಗೆ ಉದ್ದಕ್ಕೆ ಗೀರು ಬೀಳುತ್ತದೆ, ಆ ದಿಕ್ಕಿನ ಮೋಡ ಕಾಣದೆ ಹೋಗಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಈ ಊರಿನವರು ಮರೆತಿಲ್ಲ. ಮಳೆ ಎಲ್ಲಿ ಬರುತ್ತಿದೆ ಎಂದು ನೋಡುವ ಕಣ್ಣಿಗೆ ನಾವು ಕೈ ಅಡ್ಡ ಹಿಡಿಯಬಾರದು. ತಾರಸಿ ಮೇಲೆ ಹಾಕುವ ಯಾವುದೇ ರೇಡಿಯೊವನ್ನು ನಾನು 149ರ ಮೇಲಿನ ಚಾನೆಲ್ಲಿಗೇ ಕೂರಿಸುತ್ತೇನೆ, ಗಿರಾಕಿ ಏನೇ ಹೇಳಲಿ.

ಕೊಳ್ಳುವಾಗ

ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದ್ದೆಲ್ಲ ಸಿಗುತ್ತದೆ. ಸಿಕ್ಕಿದ್ದೆಲ್ಲ ಬಳಸಬಹುದು ಎಂದಲ್ಲ. ಪರವಾನಗಿ ಬೇಡದ ಪಟ್ಟಿಯಲ್ಲಿ ಬಳಸುವ ಉಪಕರಣಕ್ಕೂ ದೂರಸಂಪರ್ಕ ಇಲಾಖೆಯಲ್ಲಿ ತರಂಗಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಮಾದರಿ ಒಪ್ಪಿಗೆ ಬೇಕು. ಇದಕ್ಕೆ ಇಟಿಎ ಎಂದು ಹೆಸರು. ಅದನ್ನು ಪಡೆಯುವುದು ತಯಾರಕ ಅಥವಾ ಆಮದುದಾರನ ಕೆಲಸ, ನಿಮ್ಮದಲ್ಲ. ಆ ಮಾದರಿಗೆ ಇಟಿಎ ಇದೆಯೇ ಎಂದು ಕೇಳುವುದು ನಿಮ್ಮ ಕೆಲಸ. ಪೆಟ್ಟಿಗೆಯಲ್ಲೋ ಕೈಪಿಡಿಯಲ್ಲೋ ನಂಬರ್ ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲಿನ ಮೇಲೆ ಮಾದರಿಯ ಪೂರ್ತಿ ಹೆಸರು ಬರೆಸಿ. ಬಿಲ್ ಕೊಡದೆ ಇನ್ನೂರು ಮುನ್ನೂರು ರೂಪಾಯಿ ಕಡಿಮೆ ಮಾಡುತ್ತೇನೆ ಎಂದರೆ ಬೇಡವೆನ್ನಿ.

ಅದೇ ಸಾಲಿನ ಅಂಗಡಿಗಳಲ್ಲಿ ಮೊಬೈಲ್ ಸಿಗ್ನಲ್ ಬೂಸ್ಟರ್ ಎಂದೂ ಒಂದು ಡಬ್ಬಿ ಮಾರುತ್ತಾರೆ. ಅದು ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಂಡ ತರಂಗವನ್ನು ಬಳಸುತ್ತದೆ. ಖಾಸಗಿಯವರು ತಾವಾಗಿ ಹಾಕಿಕೊಳ್ಳುವುದು ಕಾನೂನುಬಾಹಿರ, ಇಡೀ ಗಲ್ಲಿಯ ಫೋನುಗಳೂ ಕೆಡುತ್ತವೆ. ವೈಫೈ ಜೊತೆ ಅದನ್ನೂ ಸೇರಿಸಿ ಕೊಡುತ್ತೇನೆ ಎನ್ನುವವನ ಅಂಗಡಿಯಿಂದ ಎದ್ದು ಬನ್ನಿ.

ತಾರಸಿ ಹತ್ತುವಾಗ

ಎದುರಿನ ಕಟ್ಟಡಕ್ಕೆ ಸಿಗ್ನಲ್ ಹಾಯಿಸಬೇಕು ಎಂದರೆ ಒಂದು ಜೋಡಿ ಸಣ್ಣ ದಿಕ್ಕುಗಟ್ಟಿದ ರೇಡಿಯೊ ಬೇಕು. ರಸ್ತೆಗೆ ಅಡ್ಡ ಕೇಬಲ್ ಎಳೆಯಬೇಡಿ. ರೇಡಿಯೊ ಮತ್ತು ಆಂಟೆನಾ ಒಂದೇ ಡಬ್ಬಿಯಲ್ಲಿರುವುದನ್ನು ಕೊಂಡರೆ ಕೇಬಲಿನ ನಷ್ಟವೂ ಇಲ್ಲ. ಲೆಕ್ಕ ತಪ್ಪುವ ಭಯವೂ ಕಡಿಮೆ, ಏಕೆಂದರೆ ದೇಶದ ಕೋಡ್ ಸರಿಯಿದ್ದರೆ ಡಬ್ಬಿಯೇ ತನ್ನ ಆಂಟೆನಾದ ಡಿಬಿಐ ನೋಡಿ ಶಕ್ತಿ ಇಳಿಸಿಕೊಳ್ಳುತ್ತದೆ. ಕಂಬ 5 ಮೀಟರಿನ ಒಳಗಿರಲಿ, ನಾನು ಎರಡರ ಮೇಲೆ ಹೋಗುವುದಿಲ್ಲ. ಸೊಸೈಟಿಯ ಕಮಿಟಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಚುನಾವಣೆಯವರೆಗೆ ಮಾತ್ರ.

ಸಮುದ್ರದ ಗಾಳಿಗೆ ಕಬ್ಬಿಣದ ಕ್ಲ್ಯಾಂಪು ಒಂದೇ ವರ್ಷದಲ್ಲಿ ಕಂದು ಪುಡಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದನ್ನೇ ಹಾಕಿಸಿ. ಕೇಬಲ್ ಡಬ್ಬಿಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಅರ್ಥಿಂಗ್ ಮರೆಯಬೇಡಿ. ಮೇ ಕೊನೆಯೊಳಗೆ ಈ ಕೆಲಸ ಮುಗಿಸಿ. ಜೂನ್‌ನಲ್ಲಿ ಪಾಚಿ ಕಟ್ಟಿದ ತಾರಸಿಗೆ ಮೇಸ್ತ್ರಿಯನ್ನು ಹತ್ತಿಸುವುದು ಸರಿಯಲ್ಲ.

ಯಾರು ಬಳಸಿದರು ಎಂಬ ಲೆಕ್ಕ

ಇದನ್ನು ಹೇಳುವಾಗ 2008 ನೆನಪಿಗೆ ಬರುತ್ತದೆ. ಆ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಅದರ ಹೊಣೆ ಹೊತ್ತು ಬಂದ ಇ-ಮೇಲ್ ಹೊರಟದ್ದು ನವಿ ಮುಂಬಯಿಯ ಒಂದು ಮನೆಯ ಬೀಗವಿಲ್ಲದ ವೈಫೈಯಿಂದ. ಮುಂದಿನ ತಿಂಗಳುಗಳಲ್ಲಿ ಮಾಟುಂಗಾದ ಒಂದು ಕಾಲೇಜಿನ, ಚೆಂಬೂರಿನ ಒಂದು ಸಂಸ್ಥೆಯ ವೈಫೈ ಕೂಡ ಅದೇ ರೀತಿ ದುರ್ಬಳಕೆಯಾಯಿತು. ಆ ಮನೆಯವರಿಗೂ ಆ ಇ-ಮೇಲ್‌ಗೂ ಸಂಬಂಧವಿರಲಿಲ್ಲ, ವಿಚಾರಣೆ ಮಾತ್ರ ಅವರ ಬಾಗಿಲಿಗೇ ಬಂತು. 2009ರ ಫೆಬ್ರವರಿ 23ರಂದು ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕಳಿಸಿತು: ಸಾರ್ವಜನಿಕ ಜಾಗದ ವೈಫೈಯಲ್ಲಿ ಪ್ರತಿ ಬಳಕೆದಾರನನ್ನೂ ಗುರುತಿಸಬೇಕು. ಗುರುತಿನ ಚೀಟಿಯ ಪ್ರತಿ ತೆಗೆದುಕೊಂಡು ಒಂದು ವರ್ಷ ಇಟ್ಟುಕೊಳ್ಳಬೇಕು, ಇಲ್ಲವೇ ಮೊಬೈಲಿಗೆ ಎಸ್‌ಎಂಎಸ್ ಮೂಲಕ ಗುಟ್ಟಿನ ಸಂಖ್ಯೆ ಕಳಿಸಬೇಕು.

ಹೋಟೆಲಿನ ಗೋಡೆ ಮೇಲೆ ಪಾಸ್‌ವರ್ಡ್ ಅಂಟಿಸಿದರೆ ಗುರುತಿಸಿದ ಹಾಗೆ ಆಗುವುದಿಲ್ಲ. ನಿಮ್ಮ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ, "ಇದು ಸಾರ್ವಜನಿಕರಿಗೆ, ಒಟಿಪಿ ಲಾಗಿನ್ ಬೇಕು" ಎಂದು ಸ್ಪಷ್ಟವಾಗಿ ಹೇಳಿ. ಮನೆಗೆಂದು ಕೊಟ್ಟ ಸಂಪರ್ಕವನ್ನು ಹೊರಗಿನವರಿಗೆ ಹಂಚಬಾರದು ಎಂಬ ಷರತ್ತು ಬಹಳಷ್ಟು ಒಪ್ಪಂದಗಳಲ್ಲಿ ಇರುತ್ತದೆ, ಒಮ್ಮೆ ಓದಿ ನೋಡಿ. ಗಲ್ಲಾದ ಬಿಲ್ಲಿಂಗ್ ಯಂತ್ರ, ಕ್ಯಾಮೆರಾಗಳನ್ನು ಗಿರಾಕಿಯ ವೈಫೈಯಿಂದ ಪೂರ್ತಿ ಬೇರೆ ಇಡಿ.

ಹಣ ತೆಗೆದುಕೊಳ್ಳುವುದಾದರೆ: ಪಿಎಂ-ವಾಣಿ

2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. ಚಹಾದಂಗಡಿ, ಕಿರಾಣಿ ಅಂಗಡಿ, ಸಂಘ, ಯಾರೂ ಪಿಡಿಒ ಆಗಬಹುದು, ಅಂದರೆ ಸಾರ್ವಜನಿಕ ಡೇಟಾ ಕೇಂದ್ರ. ನಮ್ಮ ಹಳೆಯ ಎಸ್‌ಟಿಡಿ ಬೂತನ್ನು ನೆನೆಸಿಕೊಳ್ಳಿ, ಆ ಕಲ್ಪನೆಯೇ. ಪಿಡಿಒಗೆ ಪರವಾನಗಿ ಬೇಡ, ನೋಂದಣಿ ಬೇಡ, ಸರ್ಕಾರಕ್ಕೆ ಶುಲ್ಕವೂ ಇಲ್ಲ. ಅವರ ಮೇಲೆ ಪಿಡಿಒಎ ಎಂಬ ಒಗ್ಗೂಡಿಸುವ ಸಂಸ್ಥೆ ಇರುತ್ತದೆ. ಗುರುತಿಸುವುದು, ಲೆಕ್ಕ ಇಡುವುದು, ಹಣ ವಸೂಲಿ ಎಲ್ಲ ಅದರ ಹೊಣೆ. ಎಲ್ಲರ ಪಟ್ಟಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ನಡೆಸುವ ಕೇಂದ್ರ ದಾಖಲೆಯಲ್ಲಿ ಇರುತ್ತದೆ.

ಮಾಡಬೇಕಾದದ್ದು ಇಷ್ಟು: ಕೇಂದ್ರ ದಾಖಲೆಯಲ್ಲಿರುವ ಒಂದು ಪಿಡಿಒಎಯನ್ನು ಆರಿಸಿ, ವಾಣಿಗೆ ಹೊಂದುವ ಆಕ್ಸೆಸ್ ಪಾಯಿಂಟ್ (ವೈಫೈ ಬಿಡುವ ಡಬ್ಬಿ) ಕೊಳ್ಳಿ, ಬ್ರಾಡ್‌ಬ್ಯಾಂಡ್ ತೆಗೆದುಕೊಳ್ಳಿ, ಪಿಡಿಒಎ ಮೂಲಕ ದಾಖಲೆಗೆ ಸೇರಿಸಿ. ಬಳಕೆದಾರ ಒಮ್ಮೆ ಆ್ಯಪಿನಲ್ಲಿ ಮೊಬೈಲ್ ನಂಬರ್ ದೃಢಪಡಿಸಿದರೆ ಸಾಕು. ಬ್ರಾಡ್‌ಬ್ಯಾಂಡ್ ಬೆಲೆ ಮೊದಲು ದೊಡ್ಡ ತೊಡಕಾಗಿತ್ತು, ಸಣ್ಣ ಅಂಗಡಿಗೂ ದುಬಾರಿ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಸಂಪರ್ಕ) ಕೇಳುತ್ತಿದ್ದರು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊರಡಿಸಿದ ಆದೇಶದ ಪ್ರಕಾರ 200 ಎಂಬಿಪಿಎಸ್‌ವರೆಗಿನ ಮನೆಬಳಕೆಯ ಫೈಬರ್ ಯೋಜನೆಗಳನ್ನು ಪಿಡಿಒಗಳಿಗೆ ಮನೆಯ ದರದ ಎರಡರಷ್ಟಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಕಂಪನಿಯ ಪ್ರತಿನಿಧಿ ಹೆಚ್ಚು ಹೇಳಿದರೆ ಈ ಆದೇಶವನ್ನು ಎದುರಿಗಿಡಿ.

ನೆನಪಿಡಿ, ಪಿಎಂ-ವಾಣಿ ಇಂಟರ್ನೆಟ್ ಹಂಚಲು ಮಾತ್ರ ಅನುಮತಿ. 36 ಡಿಬಿಎಂ ಲೆಕ್ಕ ಅಲ್ಲೂ ತಪ್ಪದು.

ದೂರು ಬಂದರೆ

ವಿನಾಯಿತಿಯ ನಿಯಮದಲ್ಲಿ ಒಂದು ಮಾತು ಎಲ್ಲ ಕಡೆ ಬರುತ್ತದೆ: ಬೇರೆಯವರಿಗೆ ಅಡ್ಡಿ ಮಾಡಬಾರದು, ತನಗೆ ಅಡ್ಡಿಯಾದರೆ ರಕ್ಷಣೆ ಕೇಳುವಂತಿಲ್ಲ, ಚಾನೆಲ್ ಯಾರ ಸ್ವತ್ತೂ ಅಲ್ಲ. ಪಕ್ಕದ ಮನೆಯ ವೈಫೈಯಿಂದ ನಿಮ್ಮದು ನಿಧಾನವಾದರೆ ದೂರು ಕೊಡಲು ಕಚೇರಿಯಿಲ್ಲ. ಹೋಗಿ ಬಾಗಿಲು ತಟ್ಟಿ, "ನಾವು 1ರಲ್ಲಿ ಇರ್ತೇವೆ, ನೀವು 6ಕ್ಕೆ ಹೋಗ್ತೀರಾ?" ಎಂದು ಕೇಳಿ. ನಾನು ಕೇಳಿದಾಗೆಲ್ಲ ಜನ ಒಪ್ಪಿದ್ದಾರೆ, ಚಹಾ ಕೊಟ್ಟವರೂ ಇದ್ದಾರೆ.

ಪರವಾನಗಿ ಇರುವವರಿಂದ ದೂರು ಬಂದರೆ ಮಾತೇ ಬೇರೆ. ಜಾಗ ಬದಲಿಸಬೇಕು, ಶಕ್ತಿ ಇಳಿಸಬೇಕು, ಬೇರೆ ಬಗೆಯ ಆಂಟೆನಾ ಹಾಕಬೇಕು, ಆದರೂ ಅಡ್ಡಿ ನಿಲ್ಲದಿದ್ದರೆ ಪೂರ್ತಿ ಬಂದ್ ಮಾಡಬೇಕು. ತರಂಗಗಳ ಮೇಲೆ ಕಣ್ಣಿಡುವ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆಯ ನಿಲ್ದಾಣ ಬೋರಿವಲಿಯ ಗೊರಾಯಿ ರಸ್ತೆಯಲ್ಲೇ ಇದೆ. ಅಂಥವರು ಬಂದರೆ ಬಿಲ್ಲು, ಇಟಿಎ ನಂಬರು, ಲೆಕ್ಕದ ಕಾಗದ ಮುಂದಿಡಿ. ಕಾಗದ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಸಂಘದ ಹಿರಿಯರಿಂದ ಇನ್ನೊಂದು ಬಗೆಯ ದೂರು ಬರುತ್ತದೆ: "ಈ ಕಿರಣದಿಂದ ತಲೆನೋವು ಬರ್ತದಾ ಮಗಾ?" ಆ ಭಯವನ್ನು ತಳ್ಳಿಹಾಕಬೇಡಿ, ಲೆಕ್ಕ ತೋರಿಸಿ. 2012ರ ಸೆಪ್ಟೆಂಬರ್‌ನಿಂದ ಮೊಬೈಲ್ ಗೋಪುರಗಳಿಗೆ ಭಾರತ ಇಟ್ಟ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲು, ವೈಫೈ ಪಟ್ಟಿಯ ಆವರ್ತನದಲ್ಲಿ ಚದರ ಮೀಟರಿಗೆ 1 ವಾಟ್. 200 ಮಿಲಿವಾಟ್ ಹೊಮ್ಮಿಸುವ ಡಬ್ಬಿಯಿಂದ 3 ಮೀಟರ್ ದೂರ ಕೂತವರಿಗೆ ತಲುಪುವುದು ಚದರ ಮೀಟರಿಗೆ ಸುಮಾರು 0.0018 ವಾಟ್. ಕುರ್ಚಿಯ ನೇರ ಮೇಲೆ ಡಬ್ಬಿ ಹಾಕುವ ಬದಲು ಬಾಗಿಲ ಬಳಿ ಹಾಕಿದರೆ ಅವರ ಮನಸ್ಸಿಗೂ ನೆಮ್ಮದಿ.

ಶೆಟ್ಟರ ಹೋಟೆಲಿನಲ್ಲಿ ಈಗ ಮೂರು ಡಬ್ಬಿಗಳಿವೆ, 16 ಡಿಬಿಎಂನಲ್ಲಿ, 1, 6, 11ನೇ ಚಾನೆಲ್ಲುಗಳಲ್ಲಿ. ವಾಚನಾಲಯದವರೇ ಪಿಎಂ-ವಾಣಿಯಲ್ಲಿ ತಮ್ಮದೇ ಆಕ್ಸೆಸ್ ಪಾಯಿಂಟ್ ಹಾಕಿಕೊಂಡರು, ರಸ್ತೆ ದಾಟಿಸುವ ಪ್ರಮೇಯವೇ ಬರಲಿಲ್ಲ. ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ ಗಲ್ಲಾದ ಖಾನೆಯಲ್ಲಿ ಇಟ್ಟಿದ್ದಾರೆ: ಡಬ್ಬಿಯ ಮಾದರಿ, ಇಟಿಎ ನಂಬರ್, ಚಾನೆಲ್, ಶಕ್ತಿ, ಆಂಟೆನಾದ ಡಿಬಿಐ, ಕೂಡಿದ ಉತ್ತರ, ಹಾಕಿದ ತಾರೀಕು. ಯಾರಾದರೂ ಮೆಕ್ಯಾನಿಕ್ ಬಂದು ಏನಾದರೂ ಬದಲಿಸಿದರೆ ಅದರ ಕೆಳಗೆ ಸಹಿ ಹಾಕಿ ಹೋಗಬೇಕು ಎಂಬುದು ಶೆಟ್ಟರೇ ಮಾಡಿದ ನಿಯಮ.